ಬಿದ್ದರೂ ಸೊಂಟ ಮುರಿಯದಂಥ ಉಡುಪು: ಹಿರಿಯರು ತಾವಾಗೇ ಹಾಕಿಕೊಳ್ಳೋ ಹಾಗೆ ಹೊಲಿಯೋದು ಹೇಗೆ?

ನೂಲೆಳೆ, ಬೆಂಗಳೂರು

ಉಡುಪು ವಿನ್ಯಾಸ ಓದ್ತಿದ್ದೀನಿ. ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಹಿಪ್ ಪ್ರೊಟೆಕ್ಟರ್ ಆರಿಸಿಕೊಂಡಿದ್ದೀನಿ. ನೋಡಿಲ್ಲದವರಿಗೆ ಹೇಳೋದಾದರೆ, ಎರಡೂ ಪಕ್ಕ ಪ್ಯಾಡ್ ಇರುವ ಚಡ್ಡಿ ಅದು. ತೊಡೆಯ ಮೇಲ್ತುದಿಯಲ್ಲಿ ಹೊರಗಡೆ ಕೈಗೆ ಸಿಗುವ ಮೂಳೆಯ ಉಬ್ಬು ಇದೆಯಲ್ಲ, ಪ್ಯಾಡ್ ಸರಿಯಾಗಿ ಅದರ ಮೇಲೆ ಕೂರಬೇಕು. ವಯಸ್ಸಾದವರು ಪಕ್ಕಕ್ಕೆ ಬಿದ್ದಾಗ ನೆಲಕ್ಕೆ ಬಡಿಯೋದು ಆ ಉಬ್ಬು. ಮುರಿಯೋದು ಅಲ್ಲೇ, ಇಲ್ಲಾ ಅದರ ಒಳಬದಿಯಲ್ಲಿ ತೊಡೆಮೂಳೆ ಕಿರಿದಾಗುವ 'ಕುತ್ತಿಗೆ'ಯ ಹತ್ತಿರ.

ಓದ್ತಾ ಓದ್ತಾ ಸಿಕ್ಕ ಒಂದು ಲೆಕ್ಕ ತಲೆಯಿಂದ ಹೋಗ್ತಿಲ್ಲ. ಫಿನ್ಲೆಂಡ್‌ನಲ್ಲಿ 1801 ವೃದ್ಧರನ್ನು ಇಟ್ಟುಕೊಂಡು ಮಾಡಿದ ಅಧ್ಯಯನ, 2000ರಲ್ಲಿ ಪ್ರಕಟವಾಯಿತು. ಪ್ಯಾಡ್ ಕೊಟ್ಟ ಗುಂಪಿನಲ್ಲಿ 13 ಜನರ ಸೊಂಟ ಮುರಿದಿತ್ತು. ಅದರಲ್ಲಿ 9 ಜನ ಬಿದ್ದ ಹೊತ್ತಿಗೆ ಪ್ಯಾಡ್ ಹಾಕಿರಲಿಲ್ಲ. ಅದಕ್ಕೂ ಹಿಂದಿನದು 1993ರ ಡೆನ್ಮಾರ್ಕ್ ಅಧ್ಯಯನ. ಅಲ್ಲಿ ಪ್ಯಾಡ್ ಗುಂಪಿನ 8 ಜನಕ್ಕೆ ಮುರಿಯಿತು, ಆ ಹೊತ್ತಲ್ಲಿ ಒಬ್ಬರೂ ಹಾಕಿರಲಿಲ್ಲ. ಪ್ಯಾಡ್ ಬೀರುವಿನಲ್ಲಿತ್ತು, ಅಜ್ಜಿ ನೆಲದ ಮೇಲಿದ್ದರು ಅನ್ನೋ ಲೆಕ್ಕ. ಫಿನ್ಲೆಂಡ್‌ನಲ್ಲಿ ಪ್ಯಾಡ್ ಗುಂಪಿಗೆ ಆಯ್ಕೆಯಾದ 100ರಲ್ಲಿ 31 ಜನ "ನಮಗೆ ಬೇಡ" ಅಂತ ಶುರುವಿನಲ್ಲೇ ಹೊರಗುಳಿದಿದ್ದರು.

ಪ್ಯಾಡ್ ತಜ್ಞರು ಪ್ಯಾಡನ್ನು ನೋಡಿಕೊಳ್ಳಲಿ. ನನಗೆ ಬೇಕಿರೋದು ಬಟ್ಟೆಯ ವಿಚಾರ. ಮಾರ್ಕೆಟ್‌ನಲ್ಲಿ ಸಿಗೋದೆಲ್ಲ ಜೀವನಪೂರ್ತಿ ಪ್ಯಾಂಟು, ಬಿಗಿ ಒಳಚಡ್ಡಿ ಹಾಕಿದವರಿಗೆ ಹೊಲಿದದ್ದು. ನಮ್ಮ ಕಡೆ ಎಪ್ಪತ್ತು ದಾಟಿದ ಎಷ್ಟೋ ಹೆಂಗಸರು ಸೀರೆ, ಲಂಗ ಬಿಟ್ಟರೆ ಒಳಗೆ ಇನ್ನೇನೂ ಹಾಕಿದವರಲ್ಲ. ನಿಮ್ಮ ಮನೆಯ ಹಿರಿಯರು ಏನಾದರೆ ಹಾಕಿಕೊಳ್ತಾರೆ, ಏನಾದರೆ ಎತ್ತಿ ಬಿಸಾಕ್ತಾರೆ? ಮುಚ್ಚುಮರೆ ಇಲ್ಲದೆ ಬರೀರಿ.

ಮಳೆಕಾಡು, ತೀರ್ಥಹಳ್ಳಿ

ಎತ್ತಿ ಬಿಸಾಕಿದ ಕಥೆ ನಮ್ಮ ಮನೇದು. ಅತ್ತೆಗೆ ಒಂದು ಸಲ ಅಂಗಳದ ಪಾಚಿ ಮೇಲೆ ಜಾರಿ ಮಣಿಕಟ್ಟು ಮುರಿದ ಮೇಲೆ ನಮ್ಮೆಜಮಾನರು ಆನ್‌ಲೈನಲ್ಲಿ ತರಿಸಿದ್ರು. ಹಾಕೋಕೇ ಇಬ್ಬರು ಬೇಕು. ಒಬ್ಬರು ಅತ್ತೇನ ಹಿಡ್ಕೋಬೇಕು, ಇನ್ನೊಬ್ಬರು ಕಾಲು ತೂರಿಸಿ ಮೇಲೆಳೀಬೇಕು. ಬೀಳದೇ ಇರಲಿ ಅಂತ ತಂದಿದ್ದನ್ನ ಒಂಟಿ ಕಾಲಲ್ಲಿ ನಿಂತು ಹಾಕ್ಕೊಳ್ಳಬೇಕು ಅಂದ್ರೆ ಎಂಥ ಬುದ್ಧಿವಂತಿಕೆ!

ಹೆಂಗೋ ಹಾಕಿದ್ರು ಅಂತ ಇಟ್ಕೊಳ್ಳಿ. ರಾತ್ರಿ ಅವಸರ ಆಗುತ್ತೆ. ಎದ್ದು, ಗೋಡೆ ಹಿಡ್ಕೊಂಡು, ಹೊಸ್ತಿಲು ದಾಟಿ ಬಚ್ಚಲಿಗೆ ಹೋಗೋ ಅಷ್ಟರಲ್ಲೇ ಸಾಕಾಗಿರುತ್ತೆ. ಅಲ್ಲಿ ಆ ಬಿಗಿ ಚಡ್ಡಿ ಇಳಿಸೋದು ಯಾವಾಗ? ಎರಡು ಸಲ ಒದ್ದೆ ಆಯ್ತು. ಅದಾದ ಮೇಲೆ ಅತ್ತೆ ಅದನ್ನ ಮುಟ್ಟಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ, ಆ ಮುಖ ನೋಡೋಕಾಗಲ್ಲ. ಅವರು ಅಂದಿದ್ದು ಇಷ್ಟು: "ಬಿದ್ದರೆ ದೇವರಿಚ್ಛೆ ಕಣೆ, ಇದು ದಿನಾ ಮರ್ಯಾದೆ ತೆಗೆಯುತ್ತೆ."

ಮೂಳೆಮಾತು, ಮೈಸೂರು

ನಾನು ಫಿಸಿಯೋಥೆರಪಿಸ್ಟ್. ಹುಮ್ಮಸ್ಸಿಗೆ ಸ್ವಲ್ಪ ತಣ್ಣೀರು ಎರಚ್ತೀನಿ, ಬೇಜಾರು ಮಾಡ್ಕೋಬೇಡಿ.

ನಿಂತ ಎತ್ತರದಿಂದ ಪಕ್ಕಕ್ಕೆ ಬಿದ್ದರೆ ಸೊಂಟ ಮುರಿಯೋ ಸಾಧ್ಯತೆ ಬೇರೆ ದಿಕ್ಕಿಗೆ ಬಿದ್ದಾಗಿಗಿಂತ ಸುಮಾರು 6 ಪಟ್ಟು. ಮುದಿ ಮೂಳೆ 2000ದಿಂದ 4000 ನ್ಯೂಟನ್ ಬಲಕ್ಕೇ ಮುರೀಬಹುದು, ಬಿದ್ದ ಏಟು ಅದನ್ನು ಸುಲಭವಾಗಿ ದಾಟುತ್ತೆ. ಸಣಕಲು ಮೈಯವರಿಗೆ ಅಪಾಯ ಹೆಚ್ಚು, ಯಾಕಂದ್ರೆ ಮೂಳೆ ಮೇಲೆ ಮಾಂಸದ ಹೊದಿಕೆ ಇರಲ್ಲ. ಆ ಹೊದಿಕೆಯ ಕೆಲಸಾನೇ ಪ್ಯಾಡ್ ಮಾಡಬೇಕಿರೋದು. ಪ್ಯಾಡ್‌ನಲ್ಲಿ ಎರಡು ಜಾತಿ. ಮೆತ್ತನೆಯ ಫೋಮ್ ಏಟನ್ನ ತಾನೇ ಹೀರಿಕೊಳ್ಳುತ್ತೆ. ಗಟ್ಟಿ ಚಿಪ್ಪಿನದ್ದು ತಲೆ ಮೇಲೆ ಕೊಡ ಹೊರುವಾಗ ಇಡೋ ಸಿಂಬಿ ಥರ: ಭಾರ ನಡುವಿನ ಮೂಳೆಗೆ ಬೀಳದೆ ಸುತ್ತಲಿನ ಮಾಂಸಕ್ಕೆ ಹಂಚಿಹೋಗುತ್ತೆ. ಎರಡನೇದು ಹಾಕಿಕೊಂಡು ಪಕ್ಕಕ್ಕೆ ಮಲಗೋದು ಕಷ್ಟ, ಚಾಪೆ ಮೇಲಂತೂ ಆಗೋದೇ ಇಲ್ಲ.

ಈಗ ತಣ್ಣೀರು. 2014ರ ಕಾಕ್ರೇನ್ ವಿಮರ್ಶೆ ಎಲ್ಲ ಅಧ್ಯಯನಗಳನ್ನೂ ಒಟ್ಟಿಗೆ ತೂಗಿತು. ವೃದ್ಧಾಶ್ರಮ, ನರ್ಸಿಂಗ್ ಹೋಮ್‌ಗಳಲ್ಲಿ ಸಾವಿರ ಜನಕ್ಕೆ ಸುಮಾರು 11 ಮುರಿತ ಕಮ್ಮಿ ಆಗಬಹುದು ಅಂತ ಬಂತು. ಮನೆಯಲ್ಲೇ ಇರೋ ವೃದ್ಧರಲ್ಲಿ ಪರಿಣಾಮ ಇಲ್ಲವೇ ಇಲ್ಲ ಅನ್ನುವಷ್ಟು. ನೀವು ಕೇಳ್ತಿರೋದು ಮನೆಯವರ ಬಗ್ಗೆ. ಹಾಗಾಗಿ ಮೊದಲು ಬಚ್ಚಲಿಗೆ ಹಿಡಿಕೆ, ಕಣ್ಣಿನ ಪೊರೆ ಆಪರೇಷನ್, ಬಿಪಿ ಮತ್ತು ನಿದ್ದೆ ಮಾತ್ರೆಗಳ ಮರುಪರಿಶೀಲನೆ, ದಿನಾ ಕುರ್ಚಿಯಿಂದ ಕೈ ಊರದೆ ಏಳೋ ಅಭ್ಯಾಸ. ಪ್ಯಾಡ್ ಆಮೇಲೆ.

ನೂಲೆಳೆ

ಮನೆಯಲ್ಲಿ ಪರಿಣಾಮ ಕಾಣದಿರೋದು ಪ್ಯಾಡ್ ಕೆಲಸ ಮಾಡದೆಯೋ, ಹಾಕಿಕೊಳ್ಳದೆಯೋ? ವೃದ್ಧಾಶ್ರಮದಲ್ಲಿ ಹಾಕಿಸೋಕೆ ಯಾರೋ ಇರ್ತಾರೆ. ಮನೆಯಲ್ಲಿ ಮಳೆಕಾಡು ಅವರ ಅತ್ತೆ ಒಬ್ಬರೇ.

ಮೂಳೆಮಾತು

ಬರೀ ಹಾಕದ್ದೇ ಕಾರಣ ಅಂತ ನೆಮ್ಮದಿಯಾಗಿರೋಕೂ ಆಗಲ್ಲ. ಅಮೆರಿಕದ 37 ನರ್ಸಿಂಗ್ ಹೋಮ್‌ಗಳಲ್ಲಿ ಮಾಡಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಒಂದೇ ಪಕ್ಕಕ್ಕೆ ಪ್ಯಾಡ್ ಹಾಕಿ, ಇನ್ನೊಂದು ಪಕ್ಕ ಖಾಲಿ ಬಿಟ್ಟು ಹೋಲಿಸಿದರು. 100ಕ್ಕೆ 74ರಷ್ಟು ಹೊತ್ತು ಹಾಕಿಕೊಂಡಿದ್ದರು, ಅದು ಒಳ್ಳೇ ಪ್ರಮಾಣ. ಆದರೂ ಎರಡು ಪಕ್ಕದ ನಡುವೆ ವ್ಯತ್ಯಾಸ ಬರಲಿಲ್ಲ.

ಹಿಮಪಾತ, ವ್ಯಾಂಕೂವರ್

ಮೂಲ ಹಾಸನ, ಈಗ ಇಲ್ಲಿ ಒಂದು ಕೇರ್ ಹೋಮ್‌ನಲ್ಲಿ ಕೆಲಸ. ಆ ಅಮೆರಿಕದ ಅಧ್ಯಯನಕ್ಕೆ ಉತ್ತರ ಪ್ಯಾಡ್‌ನಲ್ಲೇ ಇರಬಹುದು. ಇಲ್ಲಿನ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದಲ್ಲಿ ಸ್ಟೀಫನ್ ರಾಬಿನೋವಿಚ್ ಅವರ ತಂಡ ಅಂಗಡಿಯಲ್ಲಿ ಸಿಗೋ 26 ಬಗೆಯ ಪ್ಯಾಡ್‌ಗಳನ್ನು ಯಂತ್ರಕ್ಕೆ ಹಾಕಿ ಬಡಿದು ನೋಡಿತ್ತು. ಒಂದು ಪ್ಯಾಡ್ ಏಟನ್ನು ಬರೀ ಶೇ 2.5 ತಗ್ಗಿಸಿದರೆ ಇನ್ನೊಂದು ಶೇ 40 ತಗ್ಗಿಸಿತು. ಎಲ್ಲದರ ಹೆಸರೂ ಹಿಪ್ ಪ್ರೊಟೆಕ್ಟರ್! ಹಾಗಾಗಿ "ಪ್ಯಾಡ್ ತಜ್ಞರು ನೋಡಿಕೊಳ್ಳಲಿ" ಅಂತ ಬಿಡಬೇಡಿ ನೂಲೆಳೆ. ತೆಳ್ಳಗೆ ಚೆಂದ ಮಾಡಲು ಹೋಗಿ ಶೇ 2.5ರದ್ದನ್ನು ಮುದ್ದಾಗಿ ಹೊಲಿದು ಕೊಟ್ಟರೆ ಅದು ಮೋಸ.

ಇದೇ ತಂಡ ಕೇರ್ ಹೋಮ್‌ಗಳ ಊಟದ ಕೋಣೆ, ಓಣಿಗಳಲ್ಲಿ ಕ್ಯಾಮೆರಾ ಇಟ್ಟು 130 ಜನರ 227 ಬೀಳುವಿಕೆಗಳನ್ನು ಅಭ್ಯಾಸ ಮಾಡಿ 2013ರಲ್ಲಿ ಬರೆಯಿತು. ಅತಿ ಹೆಚ್ಚು, ಶೇ 41, ಮೈಭಾರವನ್ನು ತಪ್ಪಾಗಿ ವಾಲಿಸಿ ಬಿದ್ದದ್ದು. ಶೇ 21 ಎಡವಿದ್ದು. ಜಾರಿ ಬಿದ್ದದ್ದು ಬರೀ ಶೇ 3.

ಕಡಲಕರೆ, ಕುಂದಾಪುರ

ಶೇ 3? ನಮ್ಮಲ್ಲಿ ಆ ಲೆಕ್ಕ ನಡೆಯುವುದಿಲ್ಲ ಮಾರಾಯ್ರೆ. ಅವರ ಕ್ಯಾಮೆರಾ ಬಚ್ಚಲಿನೊಳಗೆ ಇರಲಿಲ್ಲವಲ್ಲ. ನಮ್ಮಲ್ಲಿ ನೆಲವೇ ಒದ್ದೆ, ಮೇಲಿಂದ ಸೋಪು, ಶನಿವಾರ ಎಣ್ಣೆಸ್ನಾನ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಳವೂ ಬಚ್ಚಲೇ. ಸ್ನಾನಕ್ಕೆ ನಿಂತಾಗ ಮೈಮೇಲೆ ಯಾವ ಪ್ಯಾಡೂ ಇರುವುದಿಲ್ಲ. ಅಲ್ಲಿಗೆ ಬೇಕಾದ್ದು ಒರಟು ನೆಲ ಮತ್ತೆ ಒಂದು ಸ್ಟೂಲ್. ಅದನ್ನು ಯಾವ ಬಟ್ಟೆಯೂ ಮಾಡಿಕೊಡುವುದಿಲ್ಲ, ಅದು ಗೊತ್ತಿದ್ದೇ ವಿನ್ಯಾಸ ಮಾಡಿ.

ಕಾಕಾ, ಧಾರವಾಡ

ನಾ ಎಪ್ಪತ್ತಾರರ ಮುದುಕ. ಇಷ್ಟೊತ್ತನಕ ಎಲ್ಲಾರೂ ನಮ್ಮತ್ತಿ, ನಮ್ಮವ್ವ ಅಂತ ಬರದ್ರಿ, ಹಾಕ್ಕೊಳ್ಳಾವ್ರು ಯಾರೂ ಬರೀಲಿಲ್ಲ. ಅದಕ್ಕ ನಾ ಬರೀಲಿಕ್ಕತ್ತೇನಿ.

ನನ್ನ ಮಗ ಪುಣೆದಾಗಿಂದ ಒಂದು ಕಳಿಸಿದ್ದ. ಡಬ್ಬಿ ಮ್ಯಾಲ ಬಿಳೀ ಕೂದಲ ಮುದುಕಿ ಚಿತ್ರ, ಕೈಯಾಗ ಕೋಲು. ಅದನ್ನ ನೋಡೇ ನನ್ನ ಅರ್ಧ ಮನಸ್ಸು ಮುರೀತು. ನಾ ದಿನಾ ಸಂಜೀಕ ಸಾಧನಕೇರಿ ಕಡೆ ಅಡ್ಡಾಡಿ ಬರಾಂವ. ಹಾಕ್ಕೊಂಡು ಹೊಂಟ್ರ ಪಂಚಿ ಎರಡೂ ಕಡೆ ಉಬ್ಬಿ, ಗೆಳೆಯಾರು "ಏನ್ ಸಾಹೇಬ್ರ, ಕಿಸೆದಾಗ ಏನ್ ತುಂಬ್ಕೊಂಡು ಹೊಂಟೀರಿ" ಅಂತ ಕೇಳಿದ್ರು. ಮುಗೀತು ಅಲ್ಲಿಗೆ.

ಆದ್ರ ಕಿಸೆ ಅಂದದ್ದು ನನಗ ಒಂದು ವಿಚಾರ ತಂತು. ನಾವು ಹಳೇ ಮಂದಿ ಪಂಚಿ ಒಳಗ ಪಟ್ಟಾಪಟ್ಟಿ ಚಡ್ಡಿ ಹಾಕಾವ್ರು. ಲಾಡಿ ಕಟ್ಟೂದು, ತ್ವಾಡಿತನಕ ಸಡ್ಲ, ಪಕ್ಕಕ್ಕ ದೊಡ್ಡ ಕಿಸೆ. ರೊಕ್ಕ, ಎಲಿಚೀಲ, ಈಗ ಮೊಬೈಲು ಎಲ್ಲಾ ಅದರಾಗ. ಆ ಕಿಸೆ ಇರೂದು ನೀವು ಹೇಳೂ ಎಲುಬಿನ ಮ್ಯಾಲನ ಅಲ್ಲೇನು? ಅದರಾಗ ಪ್ಯಾಡ್ ಕೂಡ್ರಸ್ರಿ. ಹೊಸಾದು ಏನೋ ಹಾಕ್ಕೊಂಡೇನಿ ಅಂತ ನನಗೂ ಅನಸಬಾರದು.

ಸೂಜಿಮೊನೆ, ದಾವಣಗೆರೆ

ಮೂವತ್ತು ವರ್ಷದಿಂದ ಲೇಡೀಸ್ ಟೈಲರ್. ಕಾಕಾ ಹೇಳಿದ್ದು ಸರಿ ಐತೆ, ಆದ್ರೆ ಒಂದು ತೊಡಕು. ಸಡಿಲ ಚಡ್ಡಿಯ ಜೇಬು ಕೂತಾಗ ಮುಂದಕ್ಕೆ ಬರುತ್ತೆ, ನಡೆದ್ರೆ ಹಿಂದಕ್ಕೆ ಹೋಗುತ್ತೆ. ಪ್ಯಾಡ್ ಮೂಳೆ ಮೇಲೆ ಇರಲ್ಲ. ಅದಕ್ಕೆ ಒಳಗಡೆ ಇನ್ನೊಂದು ಪದರ ಕೊಡಬೇಕು, ಸೊಂಟದಿಂದ ತೊಡೆಯ ಮೇಲ್ಭಾಗದವರೆಗೆ ಹೊಸೈರಿ ಬಟ್ಟೆ, ಪ್ಯಾಡ್ ಅದಕ್ಕೆ. ಹೊರಗಡೆ ಅದೇ ಪಟ್ಟಾಪಟ್ಟಿ ಬಟ್ಟೆ ಸಡಿಲವಾಗಿ. ನೋಡೋರಿಗೆ ಹಳೇ ಚಡ್ಡೀನೇ.

ಹೆಂಗಸರಿಗೆ ಲಂಗದಲ್ಲೇ ಮಾಡಬಹುದು. ಈಗಿನ ಹುಡುಗೀರು ಫಿಶ್‌ಕಟ್ ಲಂಗ ಹೊಲಿಸ್ತಾರಲ್ಲ, ಸೊಂಟದ ಹತ್ರ ಮೈಗೆ ಕೂತಿರುತ್ತೆ. ಆದ್ರೆ ಅದು ಮಂಡಿವರೆಗೂ ಬಿಗಿ, ವಯಸ್ಸಾದವರು ಹೆಜ್ಜೆ ಎತ್ತಿ ಹಾಕೋಕಾಗದೆ ಅದರಿಂದಲೇ ಬೀಳ್ತಾರೆ. ಸೊಂಟದಿಂದ ಒಂದು ಗೇಣು ಮಾತ್ರ ಮೈಗೆ ಕೂರೋ ಹಾಗೆ, ಕೆಳಗಡೆ ಪೂರ್ತಿ ಘೇರು ಬಿಟ್ಟು ಹೊಲೀಬೇಕು.

ಮಳೆಕಾಡು

ಅಣ್ಣಾ, ಲಂಗಾನ ಬಚ್ಚಲಲ್ಲಿ ಮೇಲೆತ್ತೋದು ಹೇಗೆ? ಸೀರೆ ಉಟ್ಟವರಿಗೆ ಇರೋ ದೊಡ್ಡ ಅನುಕೂಲ ಅದೊಂದೇ, ಏನೂ ಇಳಿಸೋ ಹಾಗಿಲ್ಲ, ಎತ್ತಿದ್ರೆ ಆಯ್ತು. ಸೊಂಟಕ್ಕೆ ಬಿಗಿ ಕೂರಿಸಿದ್ರೆ ಅದು ಪಿರ್ರೆ ದಾಟಿ ಮೇಲೆ ಬರಲ್ಲ.

ಸೂಜಿಮೊನೆ

ಹೌದಲ್ಲ ತಾಯಿ. ಹಾಗಾದ್ರೆ ಲಂಗದ ಜೊತೆ ಸೇರಿಸೋದೇ ಬೇಡ. ಒಂದು ಅಗಲ ಸೊಂಟಪಟ್ಟಿ ಮಾಡಿ, ಎರಡೂ ಪಕ್ಕಕ್ಕೆ ಕೈಯಗಲದ ಬಟ್ಟೆ ಎಲೆ ಥರ ಇಳಿಬಿಡೋದು, ಆ ಎಲೆಯೊಳಗೆ ಪ್ಯಾಡ್. ಮುಂದೆ ಖಾಲಿ, ಹಿಂದೆ ಖಾಲಿ. ಮೇಲೆ ಮಾಮೂಲಿ ಲಂಗ, ಸೀರೆ. ಬಚ್ಚಲಲ್ಲಿ ಸೀರೆ ಎತ್ತಿದ್ರೆ ಪಟ್ಟಿ ಇದ್ದಲ್ಲೇ ಇರುತ್ತೆ. ರಾತ್ರಿ ನೈಟಿ ಒಳಗೂ ಅದೇ ನಡೆಯುತ್ತೆ. ಕೂತೇ ಕಟ್ಟಿಕೊಳ್ಳಬಹುದು, ಕಾಲು ತೂರಿಸೋದು ಇಲ್ಲ.

ನೂಲೆಳೆ

ಇದನ್ನ ಇವತ್ತು ರಾತ್ರೀನೇ ಚಿತ್ರ ಬರೀತೀನಿ. ಹೊರದೇಶದಲ್ಲಿ ಅಡಿ ತೆರೆದಿರೋ ಮಾದರಿಗಳು ಬಂದಿವೆ, ಮೂತ್ರ ತಡೆಯೋಕಾಗದವರು ಡೈಪರ್ ಜೊತೆ ಹಾಕಿಕೊಳ್ಳಲಿ ಅಂತ. ಆದರೆ ಅವೂ ಕಾಲು ತೂರಿಸೋ ಥರದವೇ.

ಮೂಳೆಮಾತು

ಕೆಳತುದಿಯನ್ನ ಕಟ್ಟದೆ ಬಿಟ್ಟರೆ ಬೀಳುವಾಗಲೇ ಆ ಎಲೆ ತಿರುಗಿಕೊಳ್ಳುತ್ತೆ. ಪ್ಯಾಡ್ ಕೆಲವೇ ಸೆಂಟಿಮೀಟರ್ ಸರಿದರೂ ರಕ್ಷಣೆ ಎದ್ದು ಕಾಣುವಷ್ಟು ಇಳಿಯುತ್ತೆ. ತೊಡೆಗೆ ಒಂದು ಮೆತ್ತನೆ ಪಟ್ಟಿ ಕೊಟ್ಟು ಹಿಡಿಸಲೇಬೇಕು. ಅದು ಬಿಗಿಯಾಗಿ ರಕ್ತ ಓಡಾಟಕ್ಕೆ ತೊಂದರೆ ಆಗಬಾರದು. ಕಾಲು ಬಾತಿರೋ ಹಿರಿಯರು ಬಹಳ ಜನ ಇದ್ದಾರೆ, ಸಕ್ಕರೆ ಕಾಯಿಲೆಯವರಿಗೆ ಚರ್ಮ ಉಜ್ಜಿ ಗಾಯ ಆದರೂ ಗೊತ್ತಾಗಲ್ಲ.

ಹೊಲಿಯೋಕೆ ಮುಂಚೆ ಮೂಳೆ ಹುಡುಕೋದು ಕಲಿತುಕೊಳ್ಳಿ. ಅಂಗೈಯನ್ನ ತೊಡೆಯ ಮೇಲ್ತುದಿಯ ಹೊರಬದಿಗೆ ಇಟ್ಟು, ಅವರ ಪಾದವನ್ನ ಒಳಗೆ ಹೊರಗೆ ತಿರುಗಿಸೋಕೆ ಹೇಳಿ. ಕೈಯಡಿ ಉರುಳೋ ಗಟ್ಟಿ ಉಬ್ಬೇ ಅದು. ಬಹಳ ಜನ ತೋರಿಸೋದು ಸೊಂಟದ ಮೇಲಂಚಿನ ಮೂಳೆನ, ಅದು ಇದಕ್ಕಿಂತ ಸಾಕಷ್ಟು ಮೇಲೆ.

ಗೇರುಗಂಬ, ಹುಬ್ಬಳ್ಳಿ

ಬೈಕ್ ರೈಡಿಂಗ್ ಪ್ಯಾಂಟಿನ ಹಿಪ್ ಪ್ಯಾಡ್ ಹಾಕಿದ್ರೆ ಆಗಲ್ವಾ? ಸುಲಭವಾಗಿ ಸಿಗುತ್ತೆ, ಏಟು ಬಿದ್ದಾಗ ಮಾತ್ರ ಗಟ್ಟಿಯಾಗೋ ಮಟೀರಿಯಲ್ಲು, ಸರ್ಟಿಫಿಕೇಟ್ ಬೇರೆ ಇರುತ್ತೆ.

ಹಿಮಪಾತ

ಆ ಸರ್ಟಿಫಿಕೇಟ್ ಯಾವ ಪರೀಕ್ಷೆಗೆ ಅಂತ ನೋಡಿ. ಬೈಕ್ ಉಡುಪಿನ ಪ್ಯಾಡ್‌ಗಳಿಗಿರೋ ಯುರೋಪಿನ ಇಎನ್ 1621-1 ಮಾನದಂಡದ ಪ್ರಕಾರ, 50 ಜೌಲ್ ಏಟಿಗೆ ಒಳಗೆ ದಾಟಿಬರೋ ಬಲ ಸರಾಸರಿ 35 ಕಿಲೋನ್ಯೂಟನ್ ಒಳಗಿದ್ದರೆ ಮೊದಲ ದರ್ಜೆ ಪಾಸು, 20ರ ಒಳಗಿದ್ದರೆ ಎರಡನೇ ದರ್ಜೆ. ಮುದಿ ಮೂಳೆ ಮುರಿಯೋಕೆ ಸಾಕು ಅಂತ ಮೂಳೆಮಾತು ಹೇಳಿದ್ದು 2000ದಿಂದ 4000 ನ್ಯೂಟನ್, ಅಂದರೆ ಬರೀ 2ರಿಂದ 4 ಕಿಲೋನ್ಯೂಟನ್. ಅಲ್ಲಿ ಗಟ್ಟಿ ಅಡಿಗಲ್ಲಿನ ಮೇಲಿಟ್ಟು ಬಡೀತಾರೆ, ಮಾಂಸ, ಚರ್ಮದ ಲೆಕ್ಕ ಇಲ್ಲ, ಆದ್ದರಿಂದ ಎರಡು ಅಂಕಿಗಳನ್ನ ನೇರ ಹೋಲಿಸೋಕಾಗಲ್ಲ. ಆದರೆ ಬೈಕಿನ ಪರೀಕ್ಷೆ ಪಾಸಾಗಿದೆ ಅಂದ ಮಾತ್ರಕ್ಕೆ ಅಜ್ಜಿಯ ಮೂಳೆ ಉಳಿಯುತ್ತೆ ಅಂತ ಹೇಳೋ ಹಾಗೂ ಇಲ್ಲ. ಹಿಪ್ ಪ್ರೊಟೆಕ್ಟರ್‌ಗೆ ಬೇರೆ ಪರೀಕ್ಷೆಯ ಕ್ರಮ ಇದೆ, ಕೃತಕ ಸೊಂಟದ ಮೇಲೆ ಸೆಕೆಂಡಿಗೆ ಮೂರೂ ಚಿಲ್ಲರೆ ಮೀಟರ್ ವೇಗದಲ್ಲಿ ಬಡಿದು ನೋಡೋದು. ಆ ಫಲಿತಾಂಶ ಕೊಡೋ ಕಂಪನಿಯಿಂದ ಪ್ಯಾಡ್ ಮಾತ್ರ ಬಿಡಿಯಾಗಿ ತರಿಸಿ, ಬಟ್ಟೆ ನೀವು ಹೊಲೀರಿ.

ಬಿಸಿಲುಕುದುರೆ, ರಾಯಚೂರು

ಯಾರೂ ಸೆಕೆ ಸುದ್ದಿ ಎತ್ತಲಿಲ್ಲ. ಏಪ್ರಿಲ್, ಮೇ ತಿಂಗಳದಾಗ ನಮ್ಮಲ್ಲಿ 40 ಡಿಗ್ರಿ ದಾಟತದ. ಮೈಮೇಲಿನ ಸೀರಿನೇ ಭಾರ ಅನಸೂ ಹೊತ್ತಿನಾಗ ಫೋಮ್ ಕಟ್ಕೊ ಅಂದ್ರ ನಮ್ಮವ್ವ ನನಗೇ ಕಟ್ಟತಾಳ. ಬೆವರಸಾಲಿ ಎದ್ದು ತುರಿಸಿಕೊಂಡು ಹುಣ್ಣಾಗ್ತದ. ತೂತು ಇರೂ ಫೋಮ್ ಬೇಕು, ಮೈಗೆ ತಾಗೂ ಕಡೆ ಮೆತ್ತನ ಹತ್ತಿಬಟ್ಟಿನೇ ಬೇಕು. ನೈಲಾನ್ ತರಬ್ಯಾಡ್ರಿ.

ಮತ್ತ ನಾವು ನೆಲದ ಮ್ಯಾಲ ಕುಂದ್ರಾವ್ರು. ಚಕ್ಕಳಮಕ್ಕಳ ಹಾಕಿದಾಗ ಪ್ಯಾಡ್ ಎಲ್ಲಿ ಹೋಗತದ, ಕಾಲಿನ ಸಂದಿಗೆ ಚುಚ್ಚತದೇನು, ಅದನ್ನ ಕುರ್ಚಿ ಮ್ಯಾಲ ಕುಂತ ಮಂದಿ ನೋಡಿರಂಗಿಲ್ಲ.

ಮಡಿಬಟ್ಟೆ, ಶೃಂಗೇರಿ

ನಮ್ಮ ದೊಡ್ಡಮ್ಮನಂಥವರಿಗೆ ಇನ್ನೊಂದು ಕಷ್ಟ. ದಿನಾ ಒಗೆದು ಒಣಗಿಸಿದ್ದನ್ನೇ ಉಡೋದು. ಮಳೆಗಾಲದಲ್ಲಿ ಸೀರೆಯೇ ಒಣಗಲ್ಲ, ಪ್ಯಾಡ್ ಒಣಗುತ್ತಾ? ಪ್ಯಾಡ್ ತೆಗೆಯೋ ಹಾಗಿರಲಿ, ಹೊದಿಕೆ ಎರಡು ಮೂರು ಜೊತೆ ಇರಲಿ. ವೆಲ್ಕ್ರೋ ಬೇಡ, ಸೀರೆಯ ಎಳೆ ಕಿತ್ತು ಬರುತ್ತೆ, ಮಧ್ಯರಾತ್ರಿ ಪರ್ರ್ ಅಂತ ಮನೆಯವರನ್ನೆಲ್ಲ ಎಬ್ಬಿಸುತ್ತೆ.

ಗಾಳಿಗೂಡು, ಬೆಂಗಳೂರು

ಗಾಳಿಚೀಲದ ಬೆಲ್ಟ್ ಬಗ್ಗೆ ಯಾರೂ ಹೇಳಿಲ್ಲ. ಫ್ರಾನ್ಸಿನ ಹೆಲೈಟ್ ಕಂಪನಿಯಂಥವರು ಮಾಡ್ತಾರೆ: ಸೆನ್ಸರ್ ಬೀಳೋದನ್ನ ಗುರುತಿಸಿ ನೆಲ ತಾಗೋ ಮೊದಲೇ ಎರಡೂ ಪಕ್ಕ ಚೀಲ ಉಬ್ಬಿಸುತ್ತೆ. ತೆಳ್ಳಗಿರುತ್ತೆ, ಉಬ್ಬು ಕಾಣಲ್ಲ.

ಮಳೆಕಾಡು

ಚಾರ್ಜ್ ಹಾಕ್ಬೇಕಾ? ನಮ್ಮಲ್ಲಿ ಮಳೆಗಾಲ ಪೂರ್ತಿ ಕರೆಂಟ್ ಇರೋದೇ ಅಷ್ಟಕ್ಕಷ್ಟೆ. ಅತ್ತೆ ಮೊಬೈಲೇ ಚಾರ್ಜ್ ಹಾಕಲ್ಲ.

ಕಾಕಾ

ಮೊಮ್ಮಗನ ಹಿಂದ ಓಡಿದ್ರ ಉಬ್ಬತದೇನ್ರಿ ಅದು? ಮದವಿ ಮನ್ಯಾಗ ಪಂಕ್ತಿಗೆ ಧಪ್ಪಂತ ಕುಂತಾಗ ಉಬ್ಬಿದ್ರ ಏನ್ ಮಾಡೂದು?

ಗಾಳಿಗೂಡು

ಸುಮ್ಮನೆ ಉಬ್ಬದ ಹಾಗೆ ಲೆಕ್ಕ ಕಲಿಸಿರ್ತಾರೆ ಕಾಕಾ. ಆದರೆ ನೆಲದ ಮೇಲೆ ಕೂರೋ ಜನರ ಚಲನೆ ಎಷ್ಟು ಕಲಿಸಿದ್ದಾರೆ ಅನ್ನೋದು ಕೇಳಬೇಕಾದ ಪ್ರಶ್ನೆಯೇ. ಬೆಲೆನೂ ಸಾಮಾನ್ಯ ಮನೆಗೆ ಎಟುಕೋದಲ್ಲ, ಒಪ್ಪಿದೆ.

ಹಿಮಪಾತ

ಹಾಕಿಕೊಳ್ಳೋ ವಿಚಾರಕ್ಕೆ ವಾಪಸ್ ಬರ್ತೀನಿ, ಅದೇ ನನಗೆ ದಿನದ ಕೆಲಸ. ಇಲ್ಲಿ ಹಾಕೋರು ಹಾಕ್ತಾರೆ, ಅದಕ್ಕೆ ಎರಡು ಕಾರಣ. ಒಂದು, ಸಿಬ್ಬಂದಿಗೆ ನಂಬಿಕೆ ಇರಬೇಕು. ನಾನೇ "ಅಯ್ಯೋ ಇದನ್ನ ಹಾಕ್ಕೊಳ್ಳಬೇಕಂತೆ" ಅಂತ ಮುಖ ಸಿಂಡರಿಸಿದರೆ ಅವರೂ ಬೇಡ ಅಂತಾರೆ. ಎರಡು, ಬೆಳಗ್ಗೆ ಬಟ್ಟೆ ಹಾಕುವಾಗಲೇ ಅದೂ ಬಟ್ಟೆಯ ಭಾಗ ಆಗಿರಬೇಕು, ಆಮೇಲೆ ನೆನಪು ಮಾಡಿ ಹಾಕಿಸೋ ಔಷಧಿ ಥರ ಇರಬಾರದು. ಎರಡು ಜೊತೆ ಮಾತ್ರ ಕೊಟ್ಟು ಒಂದು ಲಾಂಡ್ರಿಯಲ್ಲಿ ಕಳೆದುಹೋದರೆ ಆ ವಾರದ ಕಥೆ ಮುಗೀತು. ಸೊಂಟ ಮುರಿದ ಮೇಲೆ ಮೊದಲ ವರ್ಷದಲ್ಲೇ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ತೀರಿಕೊಳ್ತಾರೆ ಅನ್ನೋದು ನಮಗೆ ಗೊತ್ತು. ಆದರೆ ಆ ಮಾತು ಹೇಳಿ ಹೆದರಿಸಿದ್ದರಿಂದ ಒಬ್ಬರೂ ಹಾಕಿಕೊಂಡಿದ್ದು ನಾನು ನೋಡಿಲ್ಲ. ಮನಸ್ಸಿಗೆ ಬಂದೋರು ಸಾಮಾನ್ಯವಾಗಿ ಒಂದು ಸಲ ಬಿದ್ದೋರು, ಇಲ್ಲಾ ಬೀಳೋ ಹೆದರಿಕೆಗೆ ವಾಕಿಂಗ್ ಬಿಟ್ಟೋರು. ಅವರಿಗೆ "ಇದು ಹಾಕಿದ್ರೆ ತೋಟಕ್ಕೆ ಹೋಗಿಬರಬಹುದು" ಅನ್ನಿ.

ಕಾಕಾ

ಈ ಮಾತು ಬರೋಬ್ಬರಿ. "ಬೀಳ್ತೀರಿ, ಹಾಕ್ಕೊಳ್ರಿ" ಅಂದ್ರ ನಾ ಹಾಕ್ಕೊಳ್ಳಂಗಿಲ್ಲ. "ಹಾಕ್ಕೊಂಡ್ರ ಸಂಜೀಕ ಒಬ್ಬರ ಅಡ್ಡಾಡ್ಲಿಕ್ಕೆ ಬಿಡ್ತೀವಿ" ಅಂದ್ರ ನಾಳೆನ ಹಾಕ್ಕೋತೇನಿ. ನನ್ನ ಸೊಸಿ ಹಿಂದ ಹಿಂದ ಬರೂದು ತಪ್ಪಿದ್ರ ಸಾಕು.

ನೂಲೆಳೆ

ಸೂಜಿಮೊನೆ ಅಣ್ಣ ಹೇಳಿದ ಸೊಂಟಪಟ್ಟಿಯನ್ನು ಹಳೇ ಕಾಟನ್ ಸೀರೆಯಲ್ಲಿ ಹೊಲಿದು ನಮ್ಮ ಬೀದಿಯ ಅಜ್ಜಿಯರ ಕೈಗೆ ಕೊಟ್ಟೆ. ಒಳಗೆ ಸದ್ಯಕ್ಕೆ ಸಾಧಾರಣ ಫೋಮ್, ರಕ್ಷಣೆಗಲ್ಲ, ಉಡೋ ಅನುಭವಕ್ಕೆ ಮಾತ್ರ. ಅದನ್ನ ಅವರಿಗೂ ಬಿಡಿಸಿ ಹೇಳಿದ್ದೀನಿ.

ನಾನು ಕೇಳದೇ ಅವರು ಹೇಳಿದ್ದು: ಜೇಬು ಕೊಡು. ದುಡ್ಡು, ಬೀಗದ ಕೈ, ಎಲೆಅಡಿಕೆ. ಸೊಂಟಕ್ಕೆ ಸಿಕ್ಕಿಸಿಕೊಳ್ಳೋ ಸಂಚಿಯ ಜಾಗದಲ್ಲೇ ಇದು ಬಂದು ಕೂತಿತು. ಒಬ್ಬರಂತೂ ಪ್ಯಾಡ್ ತೆಗೆದಿಟ್ಟು ಜೇಬು ಮಾತ್ರ ಇಟ್ಟುಕೊಂಡಿದ್ದಾರೆ! ಇನ್ನೊಬ್ಬರು, ಮೈ ಇಳಿದುಹೋದವರು, ಪ್ಯಾಡ್ ಇದ್ದರೆ ಸೀರೆ ಜಾರಲ್ಲ, ನೆರಿಗೆ ನಿಲ್ಲುತ್ತೆ ಅಂತ ದಿನಾ ಕಟ್ಟಿಕೊಳ್ತಿದ್ದಾರೆ. ದಪ್ಪಗಿರೋವರು ಮುಟ್ಟಲಿಲ್ಲ, "ಇರೋದು ಸಾಲದಾ" ಅಂದರು. ಮೂಳೆಮಾತು ಅವರ ಲೆಕ್ಕದಲ್ಲಿ ಹೆಚ್ಚು ಬೇಕಿರೋದೂ ಮೈ ಇಳಿದವರಿಗೇ ಅಲ್ವಾ?

ತೊಡೆಪಟ್ಟಿ ಯಾರಿಗೂ ಇಷ್ಟ ಆಗಿಲ್ಲ. ಕಟ್ಟಿದವರು ಮಧ್ಯಾಹ್ನದ ಹೊತ್ತಿಗೆ ಬಿಚ್ಚಿದ್ದರು. ಪಟ್ಟಿ ಇಲ್ಲದೆ ಎಲೆ ತಿರುಗುತ್ತೆ, ಪಟ್ಟಿ ಇದ್ದರೆ ಬಿಚ್ಚುತ್ತಾರೆ. ಇಲ್ಲಿ ಸಿಕ್ಕಿಹಾಕಿಕೊಂಡಿದ್ದೀನಿ.

ಮೂಳೆಮಾತು

ಜೇಬಿಗೆ ಹುಷಾರು. ಬೀಗದ ಕೈ ಪ್ಯಾಡ್‌ಗೂ ಮೂಳೆಗೂ ನಡುವೆ ಬರಬಾರದು, ಪ್ಯಾಡ್ ಮೇಲೂ ಬರಬಾರದು. ಜೇಬು ಹೊಟ್ಟೆಯ ಮುಂದೆ ಇರಲಿ. ಹೌದು, ಸಣ್ಣ ಮೈಯವರಿಗೇ ಮೊದಲು ಕೊಡಿ. ಅವರೇ ತಾವಾಗಿ ಇಷ್ಟಪಟ್ಟಿದ್ದಾರೆ ಅಂದರೆ ನನ್ನ ತಣ್ಣೀರು ಸದ್ಯಕ್ಕೆ ಪಕ್ಕಕ್ಕಿಡ್ತೀನಿ, ಆದರೆ ಕುರ್ಚಿ ವ್ಯಾಯಾಮ ಬಿಡಿಸಬೇಡಿ.

ಸೂಜಿಮೊನೆ

ತೊಡೆಪಟ್ಟಿ ಬಿಡಮ್ಮ. ಒಂದು ಎಲೆಯ ಹಿಂದಿನ ಅಂಚಿನಿಂದ ಇನ್ನೊಂದು ಎಲೆಯ ಹಿಂದಿನ ಅಂಚಿಗೆ, ಪಿರ್ರೆಯ ಕೆಳಗೆ ಬರೋ ಹಾಗೆ ಒಂದು ಅಗಲ ಎಲಾಸ್ಟಿಕ್ ಕೊಡು, ಎರಡು ಇಂಚಿನದ್ದು, ಬಟ್ಟೆ ಸುತ್ತಿ. ಎರಡೂ ಎಲೆ ಹಿಂದಿನಿಂದ ಒಂದನ್ನೊಂದು ಹಿಡಿದುಕೊಳ್ತವೆ, ತೊಡೆಗೆ ಸುತ್ತು ಬರಲ್ಲ. ಬಚ್ಚಲಲ್ಲಿ ಕೂತಾಗ ಒದ್ದೆ ಆಗದ ಹಾಗೆ ಎಷ್ಟು ಮೇಲಿರಬೇಕು ಅನ್ನೋದನ್ನ ಉಟ್ಟವರನ್ನೇ ಕೇಳಿ ಗುರುತು ಹಾಕು.

ಬಟ್ಟೆಯನ್ನ ಕತ್ತರಿಸೋಕೆ ಮುಂಚೆ ನೀರಿಗೆ ಹಾಕಿ ಒಣಗಿಸು. ಹತ್ತಿ ಸುಕ್ಕಿದರೆ ಪ್ಯಾಡ್ ಮೂಳೆಯಿಂದ ಮೇಲೆ ಹೋಗುತ್ತೆ, ಮಾಡಿದ್ದೆಲ್ಲ ದಂಡ. ಸೀಮೆಸುಣ್ಣದ ಗುರುತನ್ನ ನಿಂತಾಗ ಒಂದು, ಕುಕ್ಕರಗಾಲಲ್ಲಿ ಕೂತಾಗ ಒಂದು ಹಾಕು. ಎರಡರ ನಡುವೆ ಎಷ್ಟು ಅಂತರ ಬರುತ್ತೋ ಅಷ್ಟು ಪ್ಯಾಡ್ ಉದ್ದ ಇರಲಿ.

ಕಾಕಾ

ಹೆಣ್ಣಮಕ್ಕಳದ್ದು ಆತು. ನನ್ನ ಪಟ್ಟಾಪಟ್ಟಿ ಎಲ್ಲೀತನಕ ಬಂತ್ರಿ? ಸೊಂಟದ ಸುತ್ತಳತಿ 36 ಐತಿ. ನೀಲಿ ಪಟ್ಟಿ ಇರಲಿ. ರೊಕ್ಕ ಮಗನ ಕಡೆ ಕೇಳಬ್ಯಾಡ್ರಿ, ನಾನ ಕೊಡ್ತೇನಿ.

ಸೂಜಿಮೊನೆ

36 ಸಾಲಲ್ಲ ಕಾಕಾ. ಮೂಳೆ ಉಬ್ಬಿನ ಮೇಲೆ ಟೇಪ್ ಹೋಗೋ ಹಾಗೆ ಪಿರ್ರೆ ಸುತ್ತಳತೆ ಬೇಕು. ನಿಂತಾಗಿಂದು, ಕುರ್ಚಿ ಮೇಲೆ ಕೂತಾಗಿಂದು ಎರಡೂ. ಒಬ್ಬರೇ ಅಳೀಬೇಡಿ, ಬಗ್ಗಿದಾಗ ತಲೆ ಸುತ್ತುತ್ತೆ. ಸೊಸೆ ಕೈಲಿ ಅಳೆಸಿ ಕಳಿಸಿ.